ನಾಲ್ಕು ಮಡಿಕೆಯ ಮುಚ್ಚಳಿಕೆ

ದಾವಣಗೆರೆಯ ಸರಸ್ವತಿ ನಗರದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಮನೆ ಗೇಟಿನ ಕೆಲಸ ಮುಗಿಯಲೆಂದು ಕಾಯುತ್ತಾ ಕೂತಿದ್ದೆ. ಮಾತಿಗೆ ಮಾತು ಬೆಳೆದು, ಅಲ್ಲಿನ ಹುಡುಗ ತನ್ನ ಹಳೇ ಕೇಸಿನ ವಿಷಯ ಎತ್ತಿದ. ಕೈ ಒರೆಸಿಕೊಂಡು ಒಳಗೆ ಹೋಗಿ ಪ್ಲಾಸ್ಟಿಕ್ ಕವರೊಂದನ್ನು ತಂದ. ಅದರಲ್ಲಿ ರೇಷನ್ ಕಾರ್ಡು, ಅದರ ಹಿಂದೆ ನಾಲ್ಕು ಮಡಿಕೆಯ ಕಾಗದ. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿದೆ, ಮೂಲೆಯಲ್ಲಿ ಗ್ರೀಸು ಮೆತ್ತಿದ ಬೆರಳ ಗುರುತು. ಅವನನ್ನು ಜೈಲಿನ ಬದಲು ಮನೆಗೆ ಕಳಿಸಿದ ಕಾಗದ ಅದು. ಎರಡು ದಿನ ನನಗೆ ಅದೇ ಗುಂಗು.

ಅವನ ಊರು ಹರಿಹರ. ಹತ್ತೊಂಬತ್ತನೇ ವಯಸ್ಸಿಗೆ ಗೆಳೆಯರೊಂದಿಗೆ ಸೇರಿ ಯಾರದೋ ಹೊಲದ ಬೋರ್‌ವೆಲ್ ಕೇಬಲ್ ಕದ್ದಿದ್ದ. ಕೋರ್ಟು ತಪ್ಪಿತಸ್ಥ ಎಂದಿತು, ಆದರೆ ಶಿಕ್ಷೆ ಹೇಳಲಿಲ್ಲ. ಎರಡು ವರ್ಷ ಸನ್ನಡತೆಯಿಂದ ಇರುವುದಾಗಿ ಮುಚ್ಚಳಿಕೆ ಬರೆಸಿಕೊಂಡು ಪ್ರೊಬೇಷನ್ ಅಧಿಕಾರಿಯ ನಿಗಾಕ್ಕೆ ಒಪ್ಪಿಸಿತು. ಜಾಮೀನು ನಿಂತವರು ಇದೇ ಅಂಗಡಿಯ ಯಜಮಾನರು.

“ಸಾಹೇಬ್ರು ಮನೀಗೇ ಬರ್ತಿದ್ರು ಸಾರ್. ಕಳ್ಳತನದ ಮಾತೇ ಎತ್ತಲಿಲ್ಲ. ಪಗಾರ ಅವ್ವನ ಕೈಗೆ ಕೊಡ್ತಾನಾ, ರಾತ್ರಿ ಎಷ್ಟೊತ್ತಿಗೆ ಬರ್ತಾನೆ, ಇಷ್ಟೇ ಕೇಳ್ತಿದ್ರು. ನಂಗೆ ಅದೇ ಹೆಚ್ಚು ನಾಚ್ಕಿ ಆಗ್ತಿತ್ತು” ಅಂದ.

ಈ ‘ಮುಚ್ಚಳಿಕೆ’ ನನ್ನನ್ನು ಬಹಳ ಕಾಡಿತು. ತುರ್ಕಿ ಮೂಲದ ಪದ. ಪಾರ್ಸಿ ದಫ್ತರಗಳ ಜೊತೆ ಬಂದು ನಮ್ಮ ಕಚೇರಿ ಕನ್ನಡದಲ್ಲಿ ಬೇರು ಬಿಟ್ಟಿದೆ. ನಮ್ಮ ಕಿವಿಗೆ ಅದರಲ್ಲಿ ಮುಚ್ಚಳ ಕೇಳಿಸುತ್ತದೆ, ಕೇಸಿಗೆ ಮುಚ್ಚಳ ಬಿತ್ತು ಅನ್ನಿಸುತ್ತದೆ. ಹಾಗೇನಿಲ್ಲ. ಷರತ್ತು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಸಲ ತಪ್ಪಿದವನಿಗೆ 50 ರೂಪಾಯಿಯವರೆಗೆ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು. 1958ರ ಕಾಯ್ದೆಯಲ್ಲಿ ಬರೆದ ಆ ಐವತ್ತು ಇವತ್ತು ಎರಡು ಬೆಣ್ಣೆ ದೋಸೆಗೂ ಸಾಲದು. ಆದರೂ ಮೊತ್ತದ ಹಿಂದಿನ ಮನಸ್ಸು ನನಗೆ ಇಷ್ಟ: ಒಮ್ಮೆ ಎಡವಿದವನನ್ನು ಕೈಬಿಡಬೇಡಿ ಎನ್ನುವ ಕಾನೂನು ನಮ್ಮಲ್ಲಿ ಎಷ್ಟಿವೆ?

ಬಾಸ್ಟನ್ನಿನಲ್ಲಿ 1841ರಲ್ಲಿ ಜಾನ್ ಅಗಸ್ಟಸ್ ಎಂಬ ಬೂಟು ತಯಾರಕ ಕುಡುಕನೊಬ್ಬನಿಗೆ ಜಾಮೀನು ನಿಂತು ಶುರುಮಾಡಿದ ಕೆಲಸ ಈ ಪ್ರೊಬೇಷನ್. ಮದ್ರಾಸು, ಮುಂಬಯಿ ಪ್ರಾಂತ್ಯಗಳು 1930ರ ದಶಕದಲ್ಲೇ ಕಾನೂನು ಮಾಡಿಕೊಂಡಿದ್ದವು. ಕೇಂದ್ರದ ಅಪರಾಧಿಗಳ ಪರಿವೀಕ್ಷಣಾ (ಪ್ರೊಬೇಷನ್) ಕಾಯ್ದೆ ಬಂದದ್ದು 1958ರಲ್ಲಿ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವಕ್ಕೆ ಮೂರು ವರ್ಷದವರೆಗೆ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಇಪ್ಪತ್ತೊಂದು ತುಂಬದವರನ್ನು ಜೈಲಿಗೆ ಕಳಿಸುವ ಮುನ್ನ ನ್ಯಾಯಾಧೀಶರು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು, ಕಳಿಸಿದರೆ ಕಾರಣ ಬರೆಯಬೇಕು.

ನನ್ನ ಮನಸ್ಸು ನಿಂತದ್ದು 14ನೇ ಕಲಮಿನ ಮೇಲೆ. ಅಗತ್ಯ ಬಿದ್ದರೆ ಅಧಿಕಾರಿ ತನ್ನ ನಿಗಾದಲ್ಲಿರುವವನಿಗೆ ಒಂದು ತಕ್ಕ ಕೆಲಸ ಹುಡುಕಿಕೊಡಲು ಯತ್ನಿಸಬೇಕು ಎನ್ನುತ್ತದೆ ಅದು. ಕಿರ್ಲೋಸ್ಕರ್ ಕಾರ್ಖಾನೆಯ ಕಾಲ ಮುಗಿದರೂ ಹರಿಹರದಲ್ಲಿ ಲೇತ್ ಬಲ್ಲ ಕೈಗಳಿವೆ, ದಾವಣಗೆರೆಯಲ್ಲಿ ಗ್ಯಾರೇಜುಗಳಿವೆ. ಕೇಳಿ ಕೂರಿಸುವವರು ಬೇಕು, ಅಷ್ಟೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿಸಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದವನು ಮಾಲು ಹಿಂತಿರುಗಿಸಿದರೆ ಅದೇ ಶಿಕ್ಷೆ. ಒಳ್ಳೆಯದೇ. ಆದರೆ ಕಸ ಗುಡಿಸಿದ ಗಂಟೆಗಳನ್ನು ಲೆಕ್ಕ ಹಾಕಿದರೆ ಅವನು ಬದಲಾದ ಎಂದು ನಾನು ನಂಬಲಾರೆ. ಮನೆಗೆ ಬಂದು ಅವ್ವನನ್ನು ಮಾತಾಡಿಸುವವರು ಯಾರು?

ಹೊರಡುವಾಗ ಹುಡುಗ ಕೇಳಿದ, “ಮುಂದೆ ಯಾವ್ದಾದ್ರೂ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಾ ಸಾರ್, ಈ ಕಾಗದ ಅಡ್ಡ ಬರ್ತದಾ?” 1958ರ ಕಾಯ್ದೆಯ 12ನೇ ಕಲಂ, ಹೀಗೆ ಬಿಡುಗಡೆಯಾದವರಿಗೆ ಶಿಕ್ಷಿತರೆಂಬ ಕಾರಣಕ್ಕೆ ಕಾನೂನು ಅಂಟಿಸುವ ಅನರ್ಹತೆ ಅಂಟದು ಎನ್ನುತ್ತದೆ. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಮ್ಮ ಜಿಲ್ಲೆಯ ವಕೀಲರೇ, ಮುಚ್ಚಳಿಕೆಗೆ ಸಹಿ ಹಾಕಿಸುವ ದಿನವೇ ಆ ಕಲಮನ್ನು ಕನ್ನಡದಲ್ಲಿ ಒಮ್ಮೆ ಓದಿ ಹೇಳಿ.