‘ಲೈಟ್’ ಬಿಯರ್ ಕುಡಿದು ಬೈಕ್ ಓಡಿಸಬಹುದೇ? ಬಾಟಲಿಯ ಲೆಕ್ಕ ಇಲ್ಲಿದೆ

ಬೇಸಿಗೆಯಲ್ಲಿ ಕಾಪು ಬೀಚಿನಲ್ಲಿ ಜನ ಹೆಚ್ಚಿದಂತೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈ ಬಗೆಯ ಮೆಸೇಜ್ ಕೂಡ ಹೆಚ್ಚುತ್ತದೆ: ‘ಲೈಟ್ ಬಿಯರಿನಲ್ಲಿ ಆಲ್ಕೋಹಾಲ್ ಇಲ್ಲದಷ್ಟೇ. ಸೆಕೆಗೆ ದೇಹ ತಂಪು, ಕಿಡ್ನಿ ಕಲ್ಲಿಗೆ ಮದ್ದು. ಒಂದು ಬಾಟಲಿ ಕುಡಿದು ಬೈಕಿನಲ್ಲಿ ಮಣಿಪಾಲಕ್ಕೆ ವಾಪಸ್ ಬಂದರೂ ಏನೂ ಆಗಲ್ಲ.’ ಫಾರ್ವರ್ಡ್ ಮಾಡುವ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ನಮ್ಮಲ್ಲಿ ದೊಡ್ಡ ಬಾಟಲಿ ಅಂದರೆ 650 ಮಿ.ಲೀ. ಆಲ್ಕೋಹಾಲ್ ಪ್ರಮಾಣ ಶೇ. 4 ಎಂದುಕೊಂಡರೆ ಅದರಲ್ಲಿ 26 ಮಿ.ಲೀ., ತೂಕದಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ. 42.8ರ ವಿಸ್ಕಿಯ 60 ಮಿ.ಲೀ. ಪೆಗ್‌ನಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ! ‘ನಾನು ಬಿಯರ್ ಮಾತ್ರ, ಹಾಟ್ ಡ್ರಿಂಕ್ಸ್ ಮುಟ್ಟಲ್ಲ’ ಎನ್ನುವ ಗೆಳೆಯನಿಗೆ ಈ ಒಂದು ಸಾಲು ಕಳುಹಿಸಿ.

ಇನ್ನು ಬೈಕಿನ ವಿಷಯ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. 60 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಈ ಬಾಟಲಿಯನ್ನು ಬೇಗ ಮುಗಿಸಿದರೆ ಅಂದಾಜು 40ರಿಂದ 50ರವರೆಗೆ ಹೋಗಬಹುದು. ಅದೇ ತೂಕದ ಹೆಂಗಸಿನಲ್ಲಿ ಇನ್ನೂ ಹೆಚ್ಚು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂ. ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎನ್‌ಎಚ್ 66ರಲ್ಲಿ ಎದುರಿಗೆ ಬರುವ ಲಾರಿಗೆ ನಿಮ್ಮ ಬಾಟಲಿಯ ಲೇಬಲ್ ಕಾಣಿಸುವುದಿಲ್ಲ.

ತಂಪು, ಕಿಡ್ನಿ ಕಲ್ಲು? ಆಲ್ಕೋಹಾಲ್ ಮೂತ್ರ ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತದೆ. ಕರಾವಳಿಯ ಬೆವರಿನ ಜೊತೆ ಇದೂ ಸೇರಿದರೆ ನೀರು ಕಡಿಮೆಯಾಗುತ್ತದೆ. ಕಲ್ಲಿನ ಸಮಸ್ಯೆಗೆ ವೈದ್ಯರು ಹೇಳುವುದು ನೀರು ಕುಡಿಯಲು.

ಹಾಗಾದರೆ ‘ಲೈಟ್’ ಎಂದರೇನು? ಅಮೆರಿಕದಲ್ಲಿ 1975ರಲ್ಲಿ ಮಿಲ್ಲರ್ ಲೈಟ್ ದೇಶವ್ಯಾಪಿ ಮಾರುಕಟ್ಟೆಗೆ ಬಂದಾಗ ಒತ್ತು ಇದ್ದದ್ದು ಕ್ಯಾಲೊರಿ ಕಡಿಮೆ ಎಂಬುದರ ಮೇಲೆ. ಆಲ್ಕೋಹಾಲ್ ಮಾತ್ರ ಶೇ. 4.2 ಇದ್ದೇ ಇತ್ತು. ಭಾರತದಲ್ಲಿ ಬಿಯರನ್ನು ವಿಂಗಡಿಸುವುದು ಶೇ. 5ರವರೆಗೆ ಮೈಲ್ಡ್, ಅದಕ್ಕಿಂತ ಮೇಲೆ ಸ್ಟ್ರಾಂಗ್ ಎಂದು. ಆರೋಗ್ಯಕ್ಕೆ ಒಳ್ಳೆಯದು ಎಂದು ಬಾಟಲಿಯ ಮೇಲೆ ಬರೆಯುವಂತಿಲ್ಲ. ಟಿವಿಯಲ್ಲಿ ಮದ್ಯದ ಜಾಹೀರಾತು ನಿಷಿದ್ಧ. ಅದೇ ಹೆಸರಿನ ಸೋಡಾ, ನೀರು ತೋರಿಸುವ ಬದಲಿ ಜಾಹೀರಾತಿಗೂ 2022ರ ಕೇಂದ್ರ ಮಾರ್ಗಸೂಚಿ ತಡೆ ಹಾಕಿದೆ. ಕಂಪನಿ ಹೇಳಲಾಗದ ಮಾತನ್ನು ನಮ್ಮ ಫಾರ್ವರ್ಡ್ ಪುಕ್ಕಟೆ ಹೇಳಿಕೊಡುತ್ತಿದೆ, ಅಷ್ಟೇ.

‘ಸರ್ಕಾರಿ ಡಿಪೊದಿಂದ ಬಂದದ್ದು, ಸೇಫ್’ ಎಂಬ ವಾದವೂ ಇದೆ. ಅರ್ಧ ನಿಜ. ಬಾಟಲಿ ಬಿಯರನ್ನು ಕಂಪನಿ ನೇರವಾಗಿ ಕಾರ್ಕಳದ ವೈನ್‌ಶಾಪಿಗೆ ಇಳಿಸುವಂತಿಲ್ಲ. 2003ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊ ಮೂಲಕವೇ ಅದು ಲೈಸೆನ್ಸ್ ಇರುವ ಅಂಗಡಿ, ಬಾರ್‌ಗಳಿಗೆ ಹೋಗಬೇಕು. ಇದರಿಂದ ತಿಳಿಯುವುದು ತೆರಿಗೆ ಕಟ್ಟಿದ ಅಸಲಿ ಮಾಲು ಎಂದು ಮಾತ್ರ, ಲಿವರ್‌ಗೆ ಒಳ್ಳೆಯದು ಎಂದಲ್ಲ. ಆಲ್ಕೋಹಾಲ್‌ಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಕಾಲೇಜು ಗ್ರೂಪ್‌ಗಳಲ್ಲಿ ‘ಈಗ 18 ಆದರೆ ಸಾಕು’ ಎಂಬ ಮೆಸೇಜ್ ಬಂದರೆ: 2023ರ ಜನವರಿಯಲ್ಲಿ ಅಂಥದ್ದೊಂದು ಕರಡು ಬಂದದ್ದು ನಿಜ. ವಿರೋಧ ಬಂದ ಮೇಲೆ ಸರ್ಕಾರ ಅದನ್ನು ಹಿಂಪಡೆಯಿತು, 21 ವರ್ಷದ ಮಿತಿಯೇ ಉಳಿಯಿತು.