ಎಣಿಸಿ ನೋಡಬಹುದಾದ ಕಂಪ್ಯೂಟರ್

ಈಗಿನ ಕಂಪ್ಯೂಟರಿನ ಒಳಗೆ ನಡೆಯುವುದನ್ನೆಲ್ಲ ಅದನ್ನು ತಯಾರಿಸಿದವರಲ್ಲೂ ಯಾರೊಬ್ಬರೂ ಪೂರ್ತಿ ವಿವರಿಸಲಾರರು. 2020ರಲ್ಲಿ ಬಂದ ಆ್ಯಪಲ್ ಎಂ1 ಚಿಪ್ಪಿನಲ್ಲಿ 1,600 ಕೋಟಿ ಟ್ರಾನ್ಸಿಸ್ಟರುಗಳಿವೆ. 1975ರಲ್ಲಿ ಅಮೆರಿಕದ ಎಂಒಎಸ್ ಟೆಕ್ನಾಲಜಿ 25 ಡಾಲರಿಗೆ ಮಾರಿದ 6502 ಚಿಪ್ಪಿನಲ್ಲಿ ಇದ್ದದ್ದು ಸುಮಾರು 3,500. ಸ್ಟೀವ್ ವೋಜ್ನಿಯಾಕ್ ಆ್ಯಪಲ್-1 ಕಟ್ಟಿದ್ದು ಇದೇ ಚಿಪ್ಪಿನಿಂದ. ಹಳೆಯ ಬಿಡಿಭಾಗ ಹುಡುಕಿ ತಂದು ಅಂಥದೇ ಕಂಪ್ಯೂಟರನ್ನು ಇಂದು ಮತ್ತೆ ಕಟ್ಟುವವರನ್ನು ಕಂಡು, ಇದು ಹಳೆಯದರ ಮೋಹ ಎನ್ನುವವರಿದ್ದಾರೆ. ಮೋಹವೂ ಇರಬಹುದು. ಆದರೆ ಒಬ್ಬರ ತಲೆಯಲ್ಲಿ ಪೂರ್ತಿ ಹಿಡಿಸುವ ಕಂಪ್ಯೂಟರ್ ಬೇಕೆಂದರೆ ಆ ಕಾಲದ ಚಿಪ್ಪುಗಳ ಬಳಿಗೇ ಹೋಗಬೇಕು.

6502ರ ಎಂಟು ಡೇಟಾ ಕಾಲುಗಳಲ್ಲಿ ಐದನ್ನು 5 ವೋಲ್ಟಿಗೂ ಮೂರನ್ನು ಗ್ರೌಂಡಿಗೂ, ಸರಿಯಾದ ಕ್ರಮದಲ್ಲಿ, ರೆಸಿಸ್ಟರ್ ಮೂಲಕ ಕಟ್ಟಿದರೆ ಚಿಪ್ ಯಾವ ವಿಳಾಸ ಓದಿದರೂ ಸಿಗುವುದು 'ಇಎ' ಎಂಬ ಒಂದೇ ಸಂಕೇತ. ಏನೂ ಮಾಡದೆ ಮುಂದೆ ಹೋಗು ಎಂದು ಅದರ ಅರ್ಥ. ಮೆಮೊರಿಯಿಲ್ಲ, ಪ್ರೋಗ್ರಾಮಿಲ್ಲ, ಆದರೂ ಚಿಪ್ ಒಂದೊಂದೇ ವಿಳಾಸ ಎಣಿಸುತ್ತ ಸಾಗುತ್ತದೆ. ಹದಿನಾರು ವಿಳಾಸದ ಕಾಲುಗಳಿಗೆ ಎಲ್‌ಇಡಿ ಕೂರಿಸಿ, ಸೆಕೆಂಡಿಗೊಂದು ಕ್ಲಾಕ್ ಮಿಡಿತ ಕೊಟ್ಟರೆ ಈ ಎಣಿಕೆ ಕಣ್ಣಿಗೇ ಕಾಣುತ್ತದೆ. (ಇಷ್ಟು ನಿಧಾನ ಮೂಲ 6502ಕ್ಕೆ ಒಗ್ಗದು, ಈಗಲೂ ತಯಾರಾಗುವ ಅದರ ರೂಪಾಂತರ 65ಸಿ02 ಬೇಕು.) ಒಂದು ವಿಳಾಸಕ್ಕೆ ಎರಡು ಮಿಡಿತದಂತೆ 65,536 ವಿಳಾಸ ಸುತ್ತಿ ಬರಲು 36 ಗಂಟೆ ದಾಟುತ್ತದೆ. ಒಂದು ಮೆಗಾಹರ್ಟ್ಸ್ ಕೊಟ್ಟರೆ ಅದೇ ಸುತ್ತು ಸೆಕೆಂಡಿನ ಎಂಟನೇ ಒಂದು ಪಾಲಿನಷ್ಟರಲ್ಲಿ ಮುಗಿಯುತ್ತದೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ 8085 ಪ್ರೊಸೆಸರಿನ ಕಿಟ್ಟಿನ ಕೀಲಿ ಒತ್ತಿ ಎರಡು ಸಂಖ್ಯೆ ಕೂಡಿಸಿದವರಿಗೆ ಇದರ ರುಚಿ ಸ್ವಲ್ಪ ಗೊತ್ತು. ಆದರೆ ಅಲ್ಲಿನ ಬೋರ್ಡು ಯಾರೋ ಕಟ್ಟಿಟ್ಟದ್ದು.

ಇಷ್ಟಕ್ಕೆ ಹಳೆಯ ಕಂಪ್ಯೂಟರನ್ನು ಅನುಕರಿಸುವ ಎಮ್ಯುಲೇಟರ್ ಪ್ರೋಗ್ರಾಂ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹಳೆಯ ಆಟ ಆಡಲು, ಪ್ರೋಗ್ರಾಂ ಬರೆಯಲು ಅದು ಧಾರಾಳವಾಗಿ ಸಾಕು. ಆದರೆ ಎಮ್ಯುಲೇಟರಿನಲ್ಲಿ ಸೊನ್ನೆ ಯಾವಾಗಲೂ ಸೊನ್ನೆಯೇ. ಬೋರ್ಡಿನಲ್ಲಿ ಅದೊಂದು ವೋಲ್ಟೇಜು. ಚಿಪ್ಪಿನ ಪಕ್ಕ 0.1 ಮೈಕ್ರೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಹಾಕಲು ಮರೆತರೆ, ತಂತಿಯೊಂದು ಸಡಿಲಾದರೆ, ಸೊನ್ನೆ ಇರಬೇಕಾದಲ್ಲಿ ಒಂದು ಕಂಡು ಯಂತ್ರ ದಾರಿ ತಪ್ಪುತ್ತದೆ. ಆ ತಪ್ಪನ್ನು ಮೀಟರ್ ಹಿಡಿದು ಹುಡುಕುವುದರಲ್ಲೇ ನಿಜವಾದ ಕಲಿಕೆಯಿದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಹಳೆಯ ಭಾಗಗಳು ಮುಗಿದುಹೋಗುವ ಸರಕು. 1976ರ ಝಡ್80 ಚಿಪ್ಪಿಗೂ 2024ರಲ್ಲಿ ಅದರ ತಯಾರಕ ಝೈಲಾಗ್ ಕೊನೆಯ ಆರ್ಡರ್ ತೆಗೆದುಕೊಂಡಿತು. ಹಾಗಾಗಿ ನಡೆಯುತ್ತಿರುವ ಯಂತ್ರವನ್ನು ಬಿಚ್ಚಿ ಚಿಪ್ ಕೀಳುವುದು ತಪ್ಪು, ಇದರಲ್ಲಿ ಎರಡು ಮಾತಿಲ್ಲ. ಕೆಟ್ಟು ಬಿದ್ದ ಬೋರ್ಡುಗಳತ್ತ ನೋಡಬೇಕು. ಸೋರಿದ ಬ್ಯಾಟರಿ ತಾಮ್ರದ ಗೆರೆಗಳನ್ನು ತಿಂದುಹಾಕಿದ್ದರೂ ಸಾಕೆಟ್ಟಿನಲ್ಲಿರುವ 6502 ಚೆನ್ನಾಗಿರುವುದುಂಟು. ಅದರ ಕಾಲುಗಳ ಕಿಲುಬು ಒರೆಸಿ, ಬ್ರೆಡ್‌ಬೋರ್ಡಿಗೆ ಒತ್ತಿ, ಮೇಲೆ ಹೇಳಿದ ಎಂಟು ಕಾಲುಗಳನ್ನು ಕಟ್ಟಿ, ಒಂದು ಮೆಗಾಹರ್ಟ್ಸ್ ಕೊಟ್ಟಾಗ ಕೊನೆಯ ವಿಳಾಸದ ಕಾಲಿನ ಎಲ್‌ಇಡಿ ಸೆಕೆಂಡಿಗೆ ಏಳೆಂಟು ಸಲ ಮಿನುಗಿದರೆ, ಚಿಪ್ಪಿಗೆ ಇನ್ನೂ ಜೀವವಿದೆ.