ಕೆರೆಯ ಮೀನುಗಳ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮ

ಗದ್ದೆಯ ಬದುವಿನ ಮೇಲೆ ನಿಂತ ಅನುಭವಸ್ಥನಾದ ರೈತನು ಪೈರನ್ನು ನೋಡಿಯೇ ಫಸಲಿನ ಅಂದಾಜನ್ನು ಹೇಳಬಲ್ಲನು. ಕೆರೆಯ ಏರಿಯ ಮೇಲೆ ನಿಂತವನಿಗಾದರೋ ನೀರು ಮಾತ್ರ ಕಾಣುವುದು. ಆದಕಾರಣ ಮೀನು ಹಿಡಿಯುವ ಹಕ್ಕನ್ನು ಹರಾಜು ಮಾಡುವಾಗ ಊರಿನವರು ಅಲ್ಪ ಬೆಲೆಗೆ ಒಪ್ಪಿ ನಷ್ಟಪಡುವುದೂ, ಗುತ್ತಿಗೆದಾರನು ಮಿತಿಮೀರಿ ಕೂಗಿ, ಆ ಹಣವನ್ನು ಹುಟ್ಟಿಸಲು ಮರಿಗಳನ್ನೂ ಬಿಡದೆ ಹಿಡಿಯುವುದೂ ಉಂಟು. ಬಿತ್ತನೆಗೆ ಬಿಟ್ಟ ಮರಿಗಳ ಲೆಕ್ಕವನ್ನು ನಂಬುವುದೂ ಸರಿಯಲ್ಲ. ಕೊರವ ಮೀನೂ ನೀರುಕಾಗೆಯೂ ತಿಂದವು ಎಷ್ಟು, ಕೋಡಿ ಹರಿದಾಗ ಹೋದವು ಎಷ್ಟು ಎಂಬುದು ಆ ಲೆಕ್ಕದಲ್ಲಿ ಇರುವುದಿಲ್ಲ.

ನೀರನ್ನು ಬರಿದುಮಾಡದೆಯೇ ಸಂಖ್ಯೆಯನ್ನು ಅಂದಾಜು ಮಾಡಲು ಒಂದು ಸುಲಭವಾದ ಕ್ರಮವಿದೆ. ಡೆನ್ಮಾರ್ಕ್ ದೇಶದ ಶಾಸ್ತ್ರಜ್ಞರಾದ ಪೀಟರ್ಸನ್ ಎಂಬವರು ಮೀನುಗಳಿಗೆ ಗುರುತು ಹಾಕಿ ಬಿಡುವ ವಿಷಯವಾಗಿ 1896ರಲ್ಲಿ ಪ್ರಕಟಿಸಿದ ಬರಹದಿಂದ ಇದು ಪ್ರಸಿದ್ಧಿಗೆ ಬಂದಿತು. 1930ರಲ್ಲಿ ಅಮೆರಿಕದ ಲಿಂಕನ್ ಎಂಬವರು ಇದೇ ನ್ಯಾಯವನ್ನು ಕಾಡುಬಾತುಗಳಿಗೆ ಅನ್ವಯಿಸಿದರು.

ಕ್ರಮವು ಹೀಗಿದೆ. ತಂಪಾದ ಬೆಳಗಿನ ಹೊತ್ತಿನಲ್ಲಿ ಕೆರೆಯ ನಾನಾ ಭಾಗಗಳಲ್ಲಿ ಬಲೆ ಬೀಸಿ ಮೀನು ಹಿಡಿಯತಕ್ಕದ್ದು. ಒದ್ದೆ ಕೈಯಿಂದ ಹಿಡಿದು, ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಗಳಲ್ಲಿ ಒಂದರ ತುದಿಯನ್ನು ಸ್ವಲ್ಪ ಕತ್ತರಿಸಿ, ಎಣಿಸಿ, ಒಡನೆಯೇ ನೀರಿಗೆ ಬಿಡಬೇಕು. ಅವು ಉಳಿದ ಮೀನುಗಳೊಡನೆ ಬೆರೆಯಲು ಕೆಲವು ದಿನ ಬಿಟ್ಟು, ಪುನಃ ಬಲೆ ಬೀಸಿ, ಸಿಕ್ಕಿದವುಗಳಲ್ಲಿ ಗುರುತಿನವು ಎಷ್ಟೆಂದು ನೋಡತಕ್ಕದ್ದು.

ದೃಷ್ಟಾಂತ: ಮೊದಲು 120 ಮೀನುಗಳಿಗೆ ಗುರುತು ಹಾಕಿದರೆಂದೂ, ಎರಡನೆಯ ಸಲ ಸಿಕ್ಕಿದ 150ರಲ್ಲಿ 30 ಗುರುತಿನವು ಇದ್ದುವೆಂದೂ ಭಾವಿಸೋಣ. ಸಿಕ್ಕಿದವುಗಳಲ್ಲಿ ಐದಕ್ಕೊಂದು ಗುರುತಿನದಾದ್ದರಿಂದ, ಕೆರೆಯಲ್ಲಿಯೂ ಐದಕ್ಕೊಂದು ಗುರುತಿನದೆಂದು ತಿಳಿಯಬೇಕು. ಗುರುತಿನವು 120 ಆದರೆ ಒಟ್ಟು ಮೀನು 600. ಒಂದೊಂದರ ಸರಾಸರಿ ತೂಕ ಅರ್ಧ ಕಿಲೋ ಇದ್ದಲ್ಲಿ ಕೆರೆಯ ಮಾಲು 300 ಕಿಲೋ.

ಈ ಲೆಕ್ಕವು ಕೆಲವು ನಿಬಂಧನೆಗಳಿಗೆ ಒಳಪಟ್ಟಿದೆ. ಎರಡು ಬೇಟೆಗಳ ನಡುವೆ ಕೋಡಿಯಿಂದಾಗಲಿ ತೂಬಿನಿಂದಾಗಲಿ ಮೀನು ಒಳಕ್ಕೆ ಬರಬಾರದು, ಹೊರಕ್ಕೆ ಹೋಗಬಾರದು. ಕತ್ತರಿಸಿದ ರೆಕ್ಕೆಯು ಕ್ರಮೇಣ ಬೆಳೆಯುವುದರಿಂದ ತಿಂಗಳುಗಟ್ಟಲೆ ಕಾಯಬಾರದು. ಗುರುತಿನ ಮೀನುಗಳು ಗಾಯದಿಂದ ಸತ್ತರೆ ಲೆಕ್ಕವು ನಿಜಕ್ಕಿಂತ ಹೆಚ್ಚಾಗಿ ಬರುವುದು; ಅವು ಬಿಟ್ಟ ಸ್ಥಳದಲ್ಲಿಯೇ ನಿಂತಿರುವಾಗ ಅಲ್ಲಿಯೇ ಬಲೆ ಬೀಸಿದರೆ ಕಡಮೆಯಾಗಿ ಬರುವುದು. ಕಾಟ್ಲಾ, ರೋಹು, ಮೃಗಾಲ ಜಾತಿಗಳಿಗೆ ಬೇರೆ ಬೇರೆ ಲೆಕ್ಕವಿಡುವುದು ಲೇಸು. ಕಾಟ್ಲಾ ಮೇಲ್ನೀರಿನಲ್ಲಿಯೂ ಮೃಗಾಲ ತಳದಲ್ಲಿಯೂ ಮೇಯುವುದರಿಂದ ಬಲೆಗೆ ಒಂದೇ ಸಮನಾಗಿ ಸಿಕ್ಕುವುದಿಲ್ಲ. ಬಲೆಯ ಕಣ್ಣಿಗಿಂತ ಸಣ್ಣವಾದ ಮರಿಗಳು ಈ ಲೆಕ್ಕಕ್ಕೆ ಸೇರವು. ಗುರುತಿನವು ನಾಲ್ಕೈದು ಮಾತ್ರ ಸಿಕ್ಕಿದಲ್ಲಿ ಫಲವನ್ನು ನಂಬದೆ ಇನ್ನೊಮ್ಮೆ ಬಲೆ ಬೀಸತಕ್ಕದ್ದು.

ಬೇಸಗೆಯಲ್ಲಿ ನೀರು ತಗ್ಗಿ, ಮೀನು ಹಿಡಿದು ಮಾರುವ ಕಾಲದಲ್ಲಿ ಗುರುತಿನ ಅಗತ್ಯವೂ ಇಲ್ಲ. ದಿನವೂ ಅದೇ ಬಲೆಯನ್ನು ಅಷ್ಟೇ ಸಲ ಬೀಸಿ, ಹಿಡಿದುದನ್ನು ಹಿಂದಕ್ಕೆ ಬಿಡದೆ ಲೆಕ್ಕವಿಡಬೇಕು. ಮೊದಲ ದಿನ 100, ಎರಡನೆಯ ದಿನ 80, ಮೂರನೆಯ ದಿನ 64 ಸಿಕ್ಕಿದರೆ, ದಿನದಿನಕ್ಕೆ ಐದನೆಯ ಒಂದು ಪಾಲು ಇಳಿಯಿತು. ಎಂದರೆ ಇದ್ದುದರಲ್ಲಿ ಐದನೆಯ ಒಂದು ಪಾಲು ಪ್ರತಿದಿನ ಬಲೆಗೆ ಬಿದ್ದಿತು. ಹಾಗಾದರೆ ಮೊದಲು ಇದ್ದುವು 500, ಈಗ ಉಳಿದುವು 256.

ಎರಡು ಬೆಳಗಿನ ಶ್ರಮವೂ ಒಂದು ಹಾಳೆಯ ಲೆಕ್ಕವೂ ಹರಾಜಿಗೆ ಮುಂಚೆ ನಡೆದರೆ, ಕೂಗುವವನಿಗೂ ಕೊಡುವವರಿಗೂ ಮಾಲಿನ ಅಳತೆ ತಿಳಿಯುವುದು. ಮುಂದಿನ ವರ್ಷಕ್ಕೆ ಎಷ್ಟು ಮೀನನ್ನು ಉಳಿಸಬೇಕು, ಎಷ್ಟು ಮರಿಯನ್ನು ಬಿಡಬೇಕು ಎಂಬುದೂ ನಿಶ್ಚಯವಾಗುವುದು. ಗ್ರಾಮದ ಮುಖಂಡರು ಈ ಲೆಕ್ಕವನ್ನು ವರ್ಷವರ್ಷವೂ ಒಂದೇ ಪುಸ್ತಕದಲ್ಲಿ ಬರೆಸಿಡುವುದು ಯುಕ್ತ.